ಎಂಟು ಪ್ರಶ್ನಾರ್ಥಕ ಚಿಹ್ನೆಗಳು

ಕಂಪ್ಯೂಟರಿನಲ್ಲಿ ನಡೆಯುವ ಯಾವುದೇ ಡೆಸ್ಕ್‌ಟಾಪ್ ತಂತ್ರಾಂಶ, ಅದು ಅಕ್ಷರ ಜೋಡಣೆಯದಿರಲಿ, ಅಂಗಡಿಯ ಲೆಕ್ಕಪತ್ರದ್ದಿರಲಿ, ಸ್ಕ್ಯಾನರಿನದಿರಲಿ, ಕೆಲಸದ ನಡುವೆ ಕೆಲವು ಕಡತಗಳನ್ನು ಸ್ವಲ್ಪ ಹೊತ್ತಿನ ಮಟ್ಟಿಗೆ ಎಲ್ಲಾದರೂ ಇರಿಸಿಕೊಳ್ಳಬೇಕಾಗುತ್ತದೆ. ಮುದ್ರಣಕ್ಕೆ ಹೊರಟ ಪುಟದ ಪ್ರತಿ, ಇನ್ನೂ ಉಳಿಸದ ಬರಹದ ಕರಡು, ಬಿಚ್ಚುತ್ತಿರುವ ಜಿಪ್ ಕಟ್ಟಿನ ಒಳಗಿನ ವಸ್ತುಗಳು ಇಂಥವು. ಇವುಗಳಿಗಾಗಿ ಕಾರ್ಯಾಚರಣ ವ್ಯವಸ್ಥೆ, ಅಂದರೆ ಯಂತ್ರವನ್ನೇ ನಡೆಸುವ ವಿಂಡೋಸ್, ಲಿನಕ್ಸ್‌ನಂಥ ಮೂಲ ತಂತ್ರಾಂಶ, ತಾತ್ಕಾಲಿಕ ಫೋಲ್ಡರ್ ಎಂಬ ಒಂದು ಜಾಗವನ್ನು ಮೀಸಲಿಟ್ಟಿರುತ್ತದೆ. ತನ್ನದೇ ಕಡತಗಳಿಗೆ ಸಿಸ್ಟಂ ಫೋಲ್ಡರ್ ಎಂಬ ಬೇರೊಂದು ಜಾಗವನ್ನು ಇಟ್ಟುಕೊಂಡಿರುತ್ತದೆ. ಡಿಸ್ಕಿನ ಹೆಸರಿನಿಂದ ಹೊರಟು ಒಂದೊಂದೇ ಫೋಲ್ಡರನ್ನು ಹೆಸರಿಸುತ್ತ ಆ ಜಾಗವನ್ನು ತಲಪುವ ಸಾಲಿಗೆ ಪಾತ್ ಎನ್ನುತ್ತಾರೆ.

ಈ ಪಾತನ್ನು ತಂತ್ರಾಂಶ ತಿಳಿದುಕೊಳ್ಳುವ ಸುಲಭದ ಬಗೆಯೆಂದರೆ, ಪ್ರೋಗ್ರಾಂ ಬರೆಯುವವರು ತಮ್ಮ ಯಂತ್ರದಲ್ಲಿ ಕಂಡದ್ದನ್ನು ಕೋಡಿನೊಳಗೇ ಬರೆದಿಡುವುದು. ಹಾಗೆ ಬರೆದ ತಂತ್ರಾಂಶಗಳ ಗತಿ ಏನಾಯಿತೆಂಬುದಕ್ಕೆ ವಿಂಡೋಸ್‌ನ ಇತಿಹಾಸವೇ ಸಾಕ್ಷಿ. ವಿಂಡೋಸ್ 2000ದಲ್ಲಿ ಸಾಮಾನ್ಯವಾಗಿ ‘ವಿನ್‌ಎನ್‌ಟಿ’ ಎಂದಿದ್ದ ಮುಖ್ಯ ಫೋಲ್ಡರ್ ಮರುವರ್ಷ ಬಂದ ಎಕ್ಸ್‌ಪಿಯಲ್ಲಿ ‘ವಿಂಡೋಸ್’ ಆಯಿತು. ಬಳಕೆದಾರರ ಕಡತಗಳಿದ್ದ ‘ಡಾಕ್ಯುಮೆಂಟ್ಸ್ ಆ್ಯಂಡ್ ಸೆಟ್ಟಿಂಗ್ಸ್’ 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದಲ್ಲಿ ‘ಯೂಸರ್ಸ್’ ಆಯಿತು. ಜರ್ಮನ್ ಭಾಷೆಯ ಎಕ್ಸ್‌ಪಿಯಲ್ಲಂತೂ ‘ಪ್ರೋಗ್ರಾಂ ಫೈಲ್ಸ್’ ಎಂಬ ಫೋಲ್ಡರೇ ಇರದೆ ಅದರ ಜಾಗದಲ್ಲಿ ‘ಪ್ರೋಗ್ರಾಮೆ’ ಇತ್ತು. 64 ಬಿಟ್‌ನ ವಿಂಡೋಸ್‌ನಲ್ಲಿ ‘ಸಿಸ್ಟಂ32’ ಎಂಬ ಫೋಲ್ಡರಿನಲ್ಲಿರುವುದು 64 ಬಿಟ್‌ನ ಕಡತಗಳು, ಮತ್ತು ಆ ಹೆಸರನ್ನು ಹಿಡಿದು ಹೋಗುವ 32 ಬಿಟ್‌ನ ಹಳೆಯ ತಂತ್ರಾಂಶವನ್ನು ವ್ಯವಸ್ಥೆ ಸದ್ದಿಲ್ಲದೆ ‘ಸಿಸ್‌ವಾವ್64’ ಎಂಬ ಬೇರೆ ಫೋಲ್ಡರಿಗೆ ತಿರುಗಿಸುತ್ತದೆ. ಕಾಸರಗೋಡಿನ ಕರಾವಳಿಯಲ್ಲಿ ಸಣ್ಣ ಹೊಳೆಗಳ ಅಳಿವೆ ಮಳೆಗಾಲ ಕಳೆದಾಗ ಜಾಗ ಬದಲಿಸಿರುವುದುಂಟು, ಹಾಗಾಗಿ ಹೋದ ವರ್ಷದ ನೆನಪಿನ ಮೇಲೆ ಯಾರೂ ದೋಣಿ ಬಿಡುವುದಿಲ್ಲ; ಕೋಡ್ ಬರೆಯುವವರಿಗೂ ಬೇಕಾದದ್ದು ಅದೇ ಎಚ್ಚರ.

ಜಾಗ ಎಲ್ಲಿದೆಯೆಂದು ವ್ಯವಸ್ಥೆಯನ್ನೇ ಕೇಳುವುದು ಸರಿಯಾದ ಬಗೆ, ಮತ್ತು ಕೇಳುವುದಕ್ಕೆ ಬೇಕಾದ ಸಾಧನಗಳೂ ಬಹುಕಾಲದಿಂದ ಇವೆ. ವಿಂಡೋಸ್‌ನಲ್ಲಿ ‘ಗೆಟ್‌ಟೆಂಪ್‌ಪಾತ್’ ಎಂಬ ಫಂಕ್ಷನ್ ಮೊದಲು ‘ಟಿಎಂಪಿ’, ಬಳಿಕ ‘ಟೆಂಪ್’, ಅದೂ ಇರದಿದ್ದರೆ ‘ಯೂಸರ್‌ಪ್ರೊಫೈಲ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು (ವ್ಯವಸ್ಥೆಯು ಎಲ್ಲ ತಂತ್ರಾಂಶಗಳಿಗೂ ಕಾಣುವಂತೆ ಹೆಸರಿಟ್ಟು ಇಟ್ಟಿರುವ ಮೌಲ್ಯಗಳನ್ನು) ನೋಡಿ, ಯಾವುದೂ ಸಿಗದಿದ್ದರೆ ವಿಂಡೋಸ್ ಫೋಲ್ಡರಿನ ಪಾತನ್ನೇ ಕೊಡುತ್ತದೆ. ಅದು ಕೊಟ್ಟ ಫೋಲ್ಡರ್ ನಿಜವಾಗಿ ಇದೆಯೇ, ಅದರಲ್ಲಿ ಬರೆಯಲು ಅನುಮತಿಯಿದೆಯೇ ಎಂಬುದನ್ನು ಮಾತ್ರ ಅದು ಪರೀಕ್ಷಿಸುವುದಿಲ್ಲ. ಆ ಹೊಣೆ ಕೇಳಿದವರದು. ಸಿಸ್ಟಂ ಫೋಲ್ಡರಿಗೆ ‘ಗೆಟ್‌ಸಿಸ್ಟಂಡೈರೆಕ್ಟರಿ’, ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಫಾಂಟ್ಸ್ ಮೊದಲಾದವಕ್ಕೆ ವಿಸ್ಟಾದಿಂದೀಚೆಗೆ ‘ಎಸ್‌ಎಚ್‌ಗೆಟ್‌ನೋನ್‌ಫೋಲ್ಡರ್‌ಪಾತ್’ ಇದೆ. ಪೈಥಾನ್, ಡಾಟ್‌ನೆಟ್‌ನಂಥ ಪರಿಸರಗಳಲ್ಲಿ ಇದೇ ಕೆಲಸಕ್ಕೆ ಒಂದು ಸಾಲು ಸಾಕು.

ಕೇಳಿದರಷ್ಟೇ ಸಾಲದು, ಬಂದ ಉತ್ತರವನ್ನು ಕೆಡದಂತೆ ಹಿಡಿದುಕೊಳ್ಳಬೇಕು ಎಂಬ ಎರಡನೆಯ ಮಾತು ಇಂಗ್ಲಿಷಿನ ಕೈಪಿಡಿಗಳಲ್ಲಿ ಅಡಿಟಿಪ್ಪಣಿಯಂತೆ ಕಂಡರೂ ಕನ್ನಡದವರಿಗೆ ಮುಖ್ಯ ಪಾಠ. ಕಾಸರಗೋಡು ಮತ್ತು ಕುಂಬಳೆಗಳ ನಡುವೆ ಇರುವ ಮೊಗ್ರಾಲಿನಲ್ಲಿ ಕನ್ನಡ, ಮಲಯಾಳಂ, ಅರಬಿ, ಇಂಗ್ಲಿಷ್ ಲಿಪಿಗಳು ಒಂದೇ ಬೀದಿಯಲ್ಲಿ ಓದಿಗೆ ಸಿಗುತ್ತವೆ. ಅಲ್ಲಿನ ಒಂದು ಅಂಗಡಿಯೋ ಸಂಘವೋ ತನ್ನ ಹೊಸ ಕಂಪ್ಯೂಟರಿನಲ್ಲಿ ಬಳಕೆದಾರ ಖಾತೆಗೆ ಊರಿನ ಹೆಸರನ್ನೇ ಕನ್ನಡದಲ್ಲಿ ಇಟ್ಟಿತೆಂದು ಭಾವಿಸಿದರೆ, ವಿಂಡೋಸ್ ಅದನ್ನು ಒಪ್ಪಿಕೊಂಡು ‘ಯೂಸರ್ಸ್’ ಫೋಲ್ಡರಿನೊಳಗೆ ‘ಮೊಗ್ರಾಲ್’ ಎಂಬ ಫೋಲ್ಡರನ್ನು ತೆರೆಯುತ್ತದೆ. ಆ ಖಾತೆಯ ತಾತ್ಕಾಲಿಕ ಫೋಲ್ಡರ್ ಇರುವುದು ಅದರ ಒಳಗೇ.

ಮೊಗ್ರಾಲ್ ಎಂಬಲ್ಲಿ ಕಣ್ಣಿಗೆ ಕಾಣುವುದು ಮೊ, ಗ್ರಾ, ಲ್ ಎಂಬ ಮೂರೇ ಅಕ್ಷರ. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಅಂಕೆ ಕೊಟ್ಟಿರುವ ಯೂನಿಕೋಡ್ ಪಟ್ಟಿಯ ಪ್ರಕಾರ ಇದು ಮ, ಒಕಾರದ ಚಿಹ್ನೆ, ಗ, ಹಲಂತ, ರ, ಆಕಾರದ ಚಿಹ್ನೆ, ಲ, ಮತ್ತೊಂದು ಹಲಂತ ಎಂದು ಎಂಟು ಸಂಕೇತಗಳ ಸಾಲು. ಗೆಟ್‌ಟೆಂಪ್‌ಪಾತ್ ಫಂಕ್ಷನ್ನಿಗೆ ಎರಡು ರೂಪಗಳಿದ್ದು, ‘ಡಬ್ಲ್ಯು’ ಎಂದು ಕೊನೆಯಾಗುವ ರೂಪ ಈ ಎಂಟನ್ನೂ ಇದ್ದಂತೆಯೇ ತಲಪಿಸುತ್ತದೆ. ‘ಎ’ ಎಂದು ಕೊನೆಯಾಗುವ ಹಳೆಯ ರೂಪವಾದರೋ ಅವನ್ನು ಮೊದಲು ಯಂತ್ರದ ಕೋಡ್ ಪುಟಕ್ಕೆ, ಅಂದರೆ 256 ಸ್ಥಾನಗಳ ಒಂದು ಸಣ್ಣ ಅಕ್ಷರಪಟ್ಟಿಗೆ, ಇಳಿಸುತ್ತದೆ. ಭಾರತದ ಇಂಗ್ಲಿಷ್ ವ್ಯವಸ್ಥೆಯಲ್ಲಿ ಆ ಪುಟ 1252 ಸಂಖ್ಯೆಯ, ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಮಾಡಿದ ಪುಟ. ಅದರಲ್ಲಿ ಕನ್ನಡದ ಒಂದು ಅಕ್ಷರವೂ ಇಲ್ಲದ್ದರಿಂದ ಪ್ರತಿ ಸಂಕೇತದ ಜಾಗದಲ್ಲೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಕೂರುತ್ತದೆ. ತಂತ್ರಾಂಶದ ಕೈಗೆ ಬರುವುದು ಹೀಗೆ:

ಸಿ:\ಯೂಸರ್ಸ್\????????\ಆ್ಯಪ್‌ಡೇಟಾ\ಲೋಕಲ್\ಟೆಂಪ್\

ವಿಂಡೋಸ್‌ನಲ್ಲಿ ಕಡತದ ಹೆಸರಿನೊಳಗೆ ಪ್ರಶ್ನಾರ್ಥಕ ಚಿಹ್ನೆಗೆ ಪ್ರವೇಶವೇ ಇಲ್ಲ. ಆದ್ದರಿಂದ ತಂತ್ರಾಂಶ ಈ ಪಾತನ್ನು ನಂಬಿ ಕಡತ ತೆರೆಯಹೋದಾಗ ಸೋಲುತ್ತದೆ, ಮತ್ತು ‘ಫೈಲ್ ರಚಿಸಲಾಗಲಿಲ್ಲ’ ಎಂಬಂಥ ಒಂದು ಸಂದೇಶ ತೋರಿಸಿ ನಿಲ್ಲುತ್ತದೆ. ಅದನ್ನು ಕಂಡವರು ಪ್ರಿಂಟರಿನಲ್ಲಿ ದೋಷ ಹುಡುಕುತ್ತಾರೆ, ತಂತ್ರಾಂಶವನ್ನು ತೆಗೆದು ಮತ್ತೆ ಹಾಕುತ್ತಾರೆ. ತಮ್ಮ ಖಾತೆಯ ಹೆಸರಿಗೂ ಈ ತೊಂದರೆಗೂ ಸಂಬಂಧವಿರಬಹುದೆಂದು ಅವರಿಗೆ ಹೊಳೆಯಲು ಕಾರಣವೇ ಇಲ್ಲ. ಇದನ್ನು ಇನ್ನಷ್ಟು ಗೋಜಲಾಗಿಸುವ ಸಂಗತಿಯೆಂದರೆ, ಟೆಂಪ್ ವೇರಿಯಬಲ್ಲಿನಲ್ಲಿ ಕೆಲವೊಮ್ಮೆ ಪೂರ್ತಿ ಹೆಸರಿನ ಬದಲು ಡಾಸ್ ಕಾಲದ, ಎಂಟು ಅಕ್ಷರಕ್ಕೆ ಮೀರದ ಚುಟುಕು ಹೆಸರಿರುತ್ತದೆ. ಚುಟುಕು ಹೆಸರುಗಳನ್ನು ಸೃಷ್ಟಿಸುವ ಸೌಲಭ್ಯ ಚಾಲೂ ಇರುವ ಡಿಸ್ಕಿನಲ್ಲಿ ಹಳೆಯ ತಂತ್ರಾಂಶ ಹೇಗೋ ಪಾರಾಗುತ್ತದೆ, ಇಲ್ಲದ ಡಿಸ್ಕಿನಲ್ಲಿ ಬೀಳುತ್ತದೆ. ಒಂದು ಯಂತ್ರದಲ್ಲಿ ಕಾಣುವ ದೋಷ ಪಕ್ಕದ ಯಂತ್ರದಲ್ಲಿ ಕಾಣದಿರುವುದರ ಹಿಂದೆ ಈ ಕಾರಣವೂ ಇರಬಹುದು.

ಯಂತ್ರವನ್ನು ಕನ್ನಡದ ಕೋಡ್ ಪುಟಕ್ಕೆ ಬದಲಿಸಿಕೊಂಡರಾಯಿತಲ್ಲ ಎಂಬ ಪ್ರಶ್ನೆ ಸಹಜ. ಆದರೆ ಅಂಥದೊಂದು ಪುಟ ಇಲ್ಲ. ಥಾಯ್ ಭಾಷೆಗೆ 874, ಅರಬಿಗೆ 1256 ಎಂದು ಯಂತ್ರದ ಮೂಲ ಪುಟವಾಗಬಲ್ಲ ಪಟ್ಟಿಗಳಿವೆ. ಹಾಗಾಗಿ ಅರಬಿಗೆ ಹೊಂದಿಸಿದ ಯಂತ್ರದಲ್ಲಿ ಅರಬಿ ಹೆಸರಿನ ಫೋಲ್ಡರನ್ನು ಹಳೆಯ ತಂತ್ರಾಂಶವೂ ತಲಪಬಲ್ಲುದು. ಭಾರತದ 1991ರ ಇಸ್ಕೀ ಮಾನಕವನ್ನು ಆಧರಿಸಿ ವಿಂಡೋಸ್‌ನಲ್ಲಿ ಕನ್ನಡಕ್ಕೆ 57008 ಎಂಬ ಸಂಖ್ಯೆ ಇರುವುದು ನಿಜವಾದರೂ ಅದು ಪಠ್ಯವನ್ನು ಒಂದು ಸಂಕೇತದಿಂದ ಇನ್ನೊಂದಕ್ಕೆ ಬದಲಿಸಲು ಮಾತ್ರ ಉಪಯೋಗಿ. 2001ರಲ್ಲಿ ಎಕ್ಸ್‌ಪಿ ‘ತುಂಗಾ’ ಎಂಬ ಫಾಂಟಿನೊಂದಿಗೆ ಕನ್ನಡವನ್ನು ಒಳಗೊಂಡಾಗಲೂ ಅದನ್ನು ಯೂನಿಕೋಡ್ ಮೂಲಕವೇ ಒಳಗೊಂಡಿತು. ಹೀಗಾಗಿ ಮಾಪ್ಪಿಳ ಹಾಡುಗಳ ಕವಿಗಳಿಗೆ ಹೆಸರಾದ ಮೊಗ್ರಾಲಿನಲ್ಲಿ, ಆ ಹಾಡುಗಳ ಅರಬಿ ಮೂಲದ ಲಿಪಿಗೆ ಅರ್ಧಂಬರ್ಧವಾದರೂ ಇದ್ದ ಹಳೆಯ ದಾರಿ ಊರಿನ ಕನ್ನಡಕ್ಕೂ ಮಲಯಾಳಕ್ಕೂ ಎಂದೂ ಇರಲಿಲ್ಲ. ಕನ್ನಡಕ್ಕೆ ಯೂನಿಕೋಡ್ ಬಿಟ್ಟರೆ ಬೇರೆ ದಾರಿಯಿಲ್ಲವೆಂಬುದು ಇಲ್ಲಿ ಅಕ್ಷರಶಃ ಸತ್ಯ.

ಇಷ್ಟು ದೊಡ್ಡ ಕೊರತೆ ಇಷ್ಟು ಕಾಲ ಕಣ್ಣಿಗೆ ಬೀಳದಿರಲು ಕಾರಣ ಕನ್ನಡ ಗಣಕದ ಇತಿಹಾಸದಲ್ಲೇ ಇದೆ. 1998ರಲ್ಲಿ ಬಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಇವು ಕನ್ನಡವನ್ನು ಮನೆಮನೆಗೂ ಮುದ್ರಣಾಲಯಗಳಿಗೂ ತಲಪಿಸಿದ ತಂತ್ರಾಂಶಗಳು. ಆ ಉಪಕಾರ ಸಣ್ಣದಲ್ಲ. ಆದರೆ ಆ ಮೊದಲ ಕಾಲದ ಫಾಂಟುಗಳಲ್ಲಿ ಕನ್ನಡದ ಅಕ್ಷರಭಾಗಗಳು ಇಂಗ್ಲಿಷ್ ಮತ್ತಿತರ ಯುರೋಪಿಯನ್ ಅಕ್ಷರಗಳ ಸ್ಥಾನದಲ್ಲೇ ಕುಳಿತಿರುತ್ತಿದ್ದುದರಿಂದ, ಫಾಂಟ್ ಬದಲಿಸಲಾಗದ ಕಡತಪಟ್ಟಿಯಲ್ಲಿ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿಯೇ ಕಾಣುತ್ತಿದ್ದವು. ಒಳಗೆ ಕನ್ನಡ, ಹೊರಗೆ ಇಂಗ್ಲಿಷ್ ಹೆಸರು ಎಂಬ ರೂಢಿ ಹಾಗೆ ಬೆಳೆಯಿತು, ಯೂನಿಕೋಡ್ ಬಂದ ಮೇಲೂ ಉಳಿಯಿತು. ತೊಂದರೆಯೆಂದು ಬಂದವರಿಗೆ ‘ಹೆಸರನ್ನು ಇಂಗ್ಲಿಷಿನಲ್ಲಿ ಇಟ್ಟುಬಿಡಿ’ ಎಂದು ಹೇಳಿ ಕಳುಹಿಸುವುದು ಇಂದಿಗೂ ನಡೆದಿದೆ; ಅದು ಪರಿಹಾರವಲ್ಲ, ದೋಷವನ್ನು ಬಳಕೆದಾರರ ತಲೆಗೆ ಕಟ್ಟುವ ಕ್ರಮ. ಅದರಿಂದ ಪ್ರಯೋಜನವೂ ಇಲ್ಲ: ಖಾತೆಯ ಹೆಸರನ್ನು ಆಮೇಲೆ ಬದಲಿಸಿದರೂ ಡಿಸ್ಕಿನಲ್ಲಿ ಮೊದಲೇ ಆಗಿಹೋದ ಫೋಲ್ಡರಿನ ಹೆಸರು ಬದಲಾಗುವುದಿಲ್ಲ.

ತಿದ್ದಬೇಕಾದದ್ದು ಕೋಡನ್ನು, ಮತ್ತು ತಿದ್ದುಪಡಿ ದೊಡ್ಡದಲ್ಲ. ‘ಎ’ ರೂಪದ ಫಂಕ್ಷನ್ನುಗಳ ಬದಲು ‘ಡಬ್ಲ್ಯು’ ರೂಪದವನ್ನು ಬಳಸಬೇಕು, ಪಾತನ್ನು ಕೊನೆಯವರೆಗೂ ಯೂನಿಕೋಡಿನಲ್ಲೇ ಇಟ್ಟುಕೊಳ್ಳಬೇಕು. ವಿಷುವಲ್ ಬೇಸಿಕ್ 6ರಂಥ ಹಳೆಯ ಭಾಷೆ ತನ್ನೊಳಗೆ ಯೂನಿಕೋಡ್ ಇಟ್ಟುಕೊಂಡಿದ್ದರೂ ವಿಂಡೋಸ್‌ನ ಫಂಕ್ಷನ್ನುಗಳನ್ನು ಕರೆಯುವಾಗ ಪಠ್ಯವನ್ನು ಕೋಡ್ ಪುಟಕ್ಕೆ ಇಳಿಸಿಬಿಡುತ್ತದೆ. ಅದರಲ್ಲಿ ಬರೆದ ಲೆಕ್ಕಪತ್ರದ ತಂತ್ರಾಂಶಗಳು ಇನ್ನೂ ಬಳಕೆಯಲ್ಲಿರುವುದರಿಂದ ಈ ಮಾತು ಹಳೆಯದಾಗಿಲ್ಲ. 2019ರ ವಿಂಡೋಸ್ 10ರ 1903 ಆವೃತ್ತಿಯಿಂದೀಚೆಗೆ, ತಂತ್ರಾಂಶವೊಂದು ತನ್ನ ವಿವರಪತ್ರದಲ್ಲಿ ಕೋಡ್ ಪುಟ ಯುಟಿಎಫ್-8 ಎಂದು ಘೋಷಿಸಿಕೊಂಡರೆ ‘ಎ’ ರೂಪವೂ ಕನ್ನಡವನ್ನು ಕೆಡಿಸದೆ ಕೊಡುತ್ತದೆ. ಯುಟಿಎಫ್-8 ಎಂದರೆ ಯೂನಿಕೋಡಿನ ಪ್ರತಿ ಸಂಕೇತವನ್ನು ಒಂದರಿಂದ ನಾಲ್ಕು ಬೈಟುಗಳಲ್ಲಿ ಬರೆಯುವ ಕ್ರಮ. ಕನ್ನಡದ ಪ್ರತಿ ಸಂಕೇತಕ್ಕೆ ಅದರಲ್ಲಿ ಮೂರು ಬೈಟು. ಫಾಂಟುಗಳ ವಿಷಯದಲ್ಲೂ ನೆನಪಿನ ಮೇಲೆ ನಡೆಯುವಂತಿಲ್ಲ. 2018ರ ವಿಂಡೋಸ್ 10ರ 1809 ಆವೃತ್ತಿಯಿಂದ ಬಳಕೆದಾರರು ತಮಗಷ್ಟೇ ಹಾಕಿಕೊಂಡ ಫಾಂಟು ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಲ್ಲಿರದೆ ಅವರದೇ ಖಾತೆಯ ಫೋಲ್ಡರಿನೊಳಗೆ ಇರುತ್ತದೆ.

1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಕಾಸರಗೋಡು ಭಾಗದ ಕನ್ನಡ ಮಾಧ್ಯಮದ ಮಕ್ಕಳಿಗೆ ಶಾಲೆಯಲ್ಲಿ ಸಿಗುವುದು ವಿಂಡೋಸ್ ಅಲ್ಲ, ಲಿನಕ್ಸ್. ಈ ಶತಮಾನದ ಆರಂಭದಲ್ಲಿ ಶುರುವಾಗಿ 2017ರಲ್ಲಿ ‘ಕೈಟ್’ ಎಂಬ ಸರಕಾರಿ ಸಂಸ್ಥೆಯಾಗಿ ಬದಲಾದ ‘ಐಟಿ ಅಟ್ ಸ್ಕೂಲ್’ ಯೋಜನೆ ಕೇರಳದ ಶಾಲೆಗಳನ್ನು ಸ್ವತಂತ್ರ ತಂತ್ರಾಂಶದ ಮೇಲೆ ನಿಲ್ಲಿಸಿದ ರೀತಿ ಕರ್ನಾಟಕವೂ ನೋಡಿ ಕಲಿಯಬೇಕಾದದ್ದು. ಲಿನಕ್ಸ್ ಕಡತದ ಹೆಸರನ್ನು ಬೈಟುಗಳ ಸಾಲೆಂದೇ ಕಾಣುವುದರಿಂದ ಅಲ್ಲಿ ಕನ್ನಡದ ಹೆಸರು ಪ್ರಶ್ನಾರ್ಥಕ ಚಿಹ್ನೆಯಾಗುವ ಭಯವಿಲ್ಲ. ಹೆಸರಿಗೆ 255 ಬೈಟುಗಳ ಮಿತಿಯಿದ್ದು, ಸಂಕೇತಕ್ಕೆ ಮೂರರಂತೆ ಕನ್ನಡಕ್ಕೆ ದಕ್ಕುವುದು 85 ಸಂಕೇತ. ಪಾಠದ ಪೂರ್ತಿ ಶೀರ್ಷಿಕೆಯನ್ನು ಕಡತಕ್ಕೆ ಹೆಸರಾಗಿ ಕೊಡುವ ಮಗುವಿಗೆ ಇದು ಒಮ್ಮೊಮ್ಮೆ ಸಾಲದೆ ಬಂದೀತು. ‘ಡೆಸ್ಕ್‌ಟಾಪ್’ ಎಂದು ಕೋಡಿನಲ್ಲಿ ಬರೆದಿಟ್ಟವರು ಸೋಲುವುದು ಇಲ್ಲೂ ಉಂಟು. ಪರದೆಯ ಭಾಷೆಯನ್ನು ಬದಲಿಸಿದರೆ, ಅನುವಾದ ಇರುವ ಭಾಷೆಗಳಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರುಗಳ ನಿಜವಾದ ಹೆಸರೇ ಬದಲಾಗಬಹುದು. ಆ ಹೆಸರುಗಳನ್ನು ಬರೆದಿಡುವ ಒಂದು ಸಣ್ಣ ಕಡತ ಮನೆ ಫೋಲ್ಡರಿನ ಒಳಗಿನ ‘ಕಾನ್ಫಿಗ್’ ಎಂಬ ಅಡಗಿದ ಫೋಲ್ಡರಿನಲ್ಲಿದ್ದು, ತಂತ್ರಾಂಶ ಅದನ್ನೇ ಓದಬೇಕು.

ಲಿನಕ್ಸ್‌ನ ತಾತ್ಕಾಲಿಕ ಫೋಲ್ಡರ್ ‘ಟಿಎಂಪಿ’ ಸಾಂಪ್ರದಾಯಿಕವಾಗಿ ಎಲ್ಲ ಬಳಕೆದಾರರಿಗೂ ಸೇರಿದ ಒಂದೇ ಜಾಗ. ಅಲ್ಲಿ ಯಾರು ಬೇಕಾದರೂ ಕಡತ ಇಡಬಹುದು, ಆದರೆ ಸ್ಟಿಕಿ ಬಿಟ್ ಎಂಬ ಗುರುತಿನ ದೆಸೆಯಿಂದ ಒಬ್ಬರ ಕಡತವನ್ನು ಇನ್ನೊಬ್ಬ ಸಾಮಾನ್ಯ ಬಳಕೆದಾರರು ಅಳಿಸಲಾಗದು. ಅಳಿಸಲಾಗದೆಂದ ಮಾತ್ರಕ್ಕೆ ಓದಲಾಗದು ಎಂದಲ್ಲ, ಊಹಿಸಬಹುದಾದ ಹೆಸರಿಟ್ಟರೆ ಅಪಾಯ ಇನ್ನೂ ಹೆಚ್ಚು; ಆದ್ದರಿಂದಲೇ ಬೇರೆಯವರು ಊಹಿಸಲಾಗದ ಹೆಸರಿನಲ್ಲಿ, ತನಗೆ ಮಾತ್ರ ಕಾಣುವಂತೆ ಕಡತ ತೆರೆಯುವ ‘ಎಂಕೆಎಸ್‌ಟೆಂಪ್’ನಂಥ ಫಂಕ್ಷನ್ನುಗಳು ಇವೆ. ವಿಂಡೋಸ್‌ನಲ್ಲಿ ಈ ಫೋಲ್ಡರ್ ಖಾತೆಗೊಂದರಂತೆ ಬೇರೆಯಾದರೂ, ಹಲವರ ಆಧಾರ್ ಕಾರ್ಡು, ಪಡಿತರ ಚೀಟಿಗಳನ್ನು ಒಂದೇ ಖಾತೆಯಿಂದ ಸ್ಕ್ಯಾನ್ ಮಾಡುವ ಕಂಪ್ಯೂಟರಿನಲ್ಲಿ ಆ ಪ್ರತ್ಯೇಕತೆಗೆ ಅರ್ಥವಿಲ್ಲ. ಸ್ಕ್ಯಾನರಿನ ತಂತ್ರಾಂಶ ಕೆಲಸ ಮುಗಿದ ಮೇಲೆ ತನ್ನ ತಾತ್ಕಾಲಿಕ ಚಿತ್ರಗಳನ್ನು ತಾನೇ ಅಳಿಸದಿದ್ದರೆ ಬಂದುಹೋದವರೆಲ್ಲರ ಗುರುತಿನ ಚೀಟಿಗಳು ಅಲ್ಲೇ ರಾಶಿ ಬಿದ್ದಿರುತ್ತವೆ. ತಾತ್ಕಾಲಿಕವೆಂದು ಹೆಸರಿದ್ದರೂ ಅದು ತಾನಾಗಿ ಬರಿದಾಗುತ್ತದೆಂಬ ಖಾತರಿಯಿಲ್ಲ. ತೆರೆದವರೇ ಅಳಿಸಬೇಕು, ತಂತ್ರಾಂಶ ನಡುವೆ ನಿಂತುಹೋದರೆ ಮುಂದಿನ ಸಲ ತೆರೆದಾಗಲಾದರೂ ಅಳಿಸಬೇಕು.

ಪಾತ್ ಕೆಡದೆ ಬಂದ ಮೇಲೂ ಕನ್ನಡಕ್ಕೆ ಒಂದು ಸೂಕ್ಷ್ಮ ಉಳಿಯುತ್ತದೆ. ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರಗಳ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಯೂನಿಕೋಡ್ ಎರಡನ್ನೂ ಸಮಾನವೆನ್ನುತ್ತದೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿದ್ದುದರಿಂದ ಅಲ್ಲಿ ಮೊಗ್ರಾಲ್ ಎಂಟಲ್ಲ, ಒಂಬತ್ತು ಸಂಕೇತ. ವಿಂಡೋಸ್ ಮತ್ತು ಲಿನಕ್ಸ್ ಈ ಎರಡು ರೂಪಗಳನ್ನು ಬೇರೆ ಬೇರೆ ಹೆಸರೆಂದೇ ಎಣಿಸುವುದರಿಂದ, ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಫೋಲ್ಡರುಗಳು ಅಕ್ಕಪಕ್ಕ ಇರಬಲ್ಲವು. ಮೊಗ್ರಾಲ್‌ಪುತ್ತೂರು ಎಂಬ ಊರ ಹೆಸರನ್ನು ಕೂಡಿಸಿ ಬರೆಯುವಾಗ ಲಕಾರಕ್ಕೆ ಪಕಾರ ಒತ್ತಾಗದಂತೆ ನಡುವೆ ಹಾಕುವ, ಕಣ್ಣಿಗೆ ಕಾಣದ ತಡೆ ಸಂಕೇತವೂ ಇಂಥದೇ: ಅದು ಇರುವ ಹೆಸರು ಬೇರೆ, ಇಲ್ಲದ ಹೆಸರು ಬೇರೆ. ಪಾತನ್ನು ‘ಸ್ವಚ್ಛಗೊಳಿಸುವ’ ನೆಪದಲ್ಲಿ ಕಾಣದ ಸಂಕೇತಗಳನ್ನು ಕಿತ್ತುಹಾಕುವ ತಂತ್ರಾಂಶ ಇಲ್ಲದ ಫೋಲ್ಡರನ್ನು ಹುಡುಕುತ್ತ ಹೋಗುತ್ತದೆ.

ಒತ್ತಕ್ಷರ, ಹಲಂತ, ಬಿಡಿಸಬಹುದಾದ ಸ್ವರಚಿಹ್ನೆ, ಕಾಣದ ತಡೆ ಎಲ್ಲವೂ ಇರುವ ಈ ಮೊಗ್ರಾಲ್‌ಪುತ್ತೂರು 17 ಸಂಕೇತಗಳ ಹೆಸರು, ವಿಂಡೋಸ್‌ನ ಸ್ಥಳೀಯ ಖಾತೆಗಿರುವ 20ರ ಮಿತಿಯೊಳಗೆ ಹಿಡಿಸುತ್ತದೆ. ತಂತ್ರಾಂಶ ಮಾಡುವವರು ಪರೀಕ್ಷೆಗೆಂದು ಇಟ್ಟ ಒಂದು ಯಂತ್ರದಲ್ಲಿ ಇದೇ ಹೆಸರಿನ ಖಾತೆ ತೆರೆದು, ಅದರಿಂದ ಒಂದು ಪುಟ ಮುದ್ರಿಸಿ, ಒಂದು ಚಿತ್ರ ಸ್ಕ್ಯಾನ್ ಮಾಡಿ, ಬಳಿಕ ತಾತ್ಕಾಲಿಕ ಫೋಲ್ಡರನ್ನು ತೆರೆದು ಅಲ್ಲಿ ಏನು ಬಂದಿದೆ, ಏನು ಉಳಿದಿದೆ ಎಂದು ನೋಡಲು ಅರ್ಧ ಗಂಟೆ ಸಾಕು.