ಗೆಣಸಿನ ಜೋಡಿ ವೈರಸ್: ಒಂದು ಕಾವಲು ಕೆಡಿಸುತ್ತೆ, ಇನ್ನೊಂದು ಬೆಳೆ ತಿನ್ನುತ್ತೆ

ಈ ಸಲದ ಮಾತು ಗೆಣಸಿನ ಬಗ್ಗೆ. ದೆಹಲಿಯಲ್ಲಿ ಇರೋರಿಗೆ ಅದು ಚಳಿಗಾಲದ ಶಕರ್‌ಕಂದಿ ಚಾಟ್, ಪುಣೆಯವರಿಗೆ ಉಪವಾಸದ ರತಾಳೆ, ಊರಲ್ಲಿ ಸಂಕ್ರಾಂತಿಗೆ ಬೇಯಿಸೋ ಗೆಣಸು. ನಮಗೆ ಅದು ಅಪರೂಪಕ್ಕೆ ತಿನ್ನೋ ತಿಂಡಿ. ಆದ್ರೆ ಪೂರ್ವ ಆಫ್ರಿಕಾದ ಉಗಾಂಡಾದಲ್ಲಿ ಎಷ್ಟೋ ಮನೆಗಳಿಗೆ ಗೆಣಸೇ ಊಟ. ಅಲ್ಲಿನ ರೈತರಿಗೆ ದೊಡ್ಡ ತಲೆನೋವು ಒಂದು ವೈರಸ್ ರೋಗ. ಎಸ್‌ಪಿವಿಡಿ ಅಂತ ಕರೀತಾರೆ. ರೋಗ ಬಂದ ಬಳ್ಳಿ ಕುಗ್ಗಿ ಹೋಗುತ್ತೆ, ಎಲೆ ಸಣ್ಣದಾಗಿ ಸೊಟ್ಟಗಾಗುತ್ತೆ, ಇಳುವರಿ ಕೆಲವೊಮ್ಮೆ ಶೇ. 90ರಷ್ಟು ಹೋಗುತ್ತೆ.

ನಾನು ದಿನವಿಡೀ ಕೋಡ್ ನೋಡೋನು, ಕೃಷಿ ವಿಜ್ಞಾನಿ ಅಲ್ಲ. ಈ ರೋಗ ನನ್ನನ್ನು ಹಿಡಿದು ಕೂರಿಸಿದ್ದು ಅದು ದಾಳಿ ಮಾಡೋ ರೀತಿಯಿಂದ.

ಇಬ್ಬರು ಸೇರಿದ್ರೆ ಮಾತ್ರ ಅನಾಹುತ

ಇದರಲ್ಲಿ ಎರಡು ವೈರಸ್‌ಗಳಿವೆ. ಮೊದಲನೆಯದು ಎಸ್‌ಪಿಎಫ್‌ಎಂವಿ. ಅದನ್ನು ಹೊತ್ತು ತರೋದು ಸಸ್ಯಹೇನು. ಈ ವೈರಸ್ ಒಂದೇ ಇದ್ರೆ ಎಷ್ಟೋ ಸಲ ಎಲೆ ಮೇಲೆ ಗುರುತೂ ಕಾಣಲ್ಲ. ಎರಡನೆಯದು ಎಸ್‌ಪಿಸಿಎಸ್‌ವಿ, ಅದನ್ನು ಹರಡೋದು ಬಿಳಿ ನೊಣ. ಅದೊಂದೇ ಬಂದ್ರೆ ಎಲೆ ಸ್ವಲ್ಪ ಹಳದಿಯೋ ನೇರಳೆಯೋ ಆಗುತ್ತೆ, ಬಳ್ಳಿ ಸ್ವಲ್ಪ ಕುಂಠಿತವಾಗುತ್ತೆ. ಎರಡೂ ಒಂದೇ ಬಳ್ಳಿಗೆ ಸೇರಿದಾಗ ಮೊದಲನೇ ವೈರಸ್‌ನ ಪ್ರಮಾಣ ಸುಮಾರು 600 ಪಟ್ಟು ಏರಿದ್ದನ್ನು ಅಳೆದು ನೋಡಿದ್ದಾರೆ.

ಯಾಕೆ ಹೀಗೆ? ಗಿಡಕ್ಕೂ ಒಂದು ಆಂಟಿವೈರಸ್ ಇದೆ. ಅದರ ಹೆಸರು ಆರ್‌ಎನ್‌ಎ ಸೈಲೆನ್ಸಿಂಗ್. ವೈರಸ್ ತನ್ನ ಪ್ರತಿ ಮಾಡಿಕೊಳ್ಳುವಾಗ ಎರಡೆಳೆಯ ಆರ್‌ಎನ್‌ಎ ಹುಟ್ಟುತ್ತೆ. ಗಿಡ ಅದನ್ನು ಹಿಡಿದು 21ರಿಂದ 24 ಅಕ್ಷರಗಳ ತುಣುಕುಗಳಾಗಿ ಕತ್ತರಿಸುತ್ತೆ. ಆ ತುಣುಕೇ ಸಿಗ್ನೇಚರ್. ಅದಕ್ಕೆ ಹೊಂದೋ ಆರ್‌ಎನ್‌ಎ ಎಲ್ಲಿ ಸಿಕ್ಕರೂ ಕತ್ತರಿಸಿ ಹಾಕುತ್ತೆ.

ಬಿಳಿ ನೊಣದ ವೈರಸ್ ಕೈ ಇಡೋದು ಇಲ್ಲೇ. ಅದು ಆರ್‌ಎನ್‌ಏಸ್3 ಅನ್ನೋ ಕಿಣ್ವ ತಯಾರಿಸುತ್ತೆ. ಆ ಕಿಣ್ವ ಈ ತುಣುಕುಗಳನ್ನು ಇನ್ನೂ ಚಿಕ್ಕದಾಗಿ, ಸುಮಾರು 14 ಅಕ್ಷರಕ್ಕೆ ಕತ್ತರಿಸಿಬಿಡುತ್ತೆ. ಸಿಗ್ನೇಚರ್ ಫೈಲೇ ಹಾಳಾದ ಮೇಲೆ ಸ್ಕ್ಯಾನ್ ಮಾಡೋದು ಏನನ್ನ? 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಈ ಕಿಣ್ವದ ಜೀನ್ ಒಂದನ್ನೇ ಗೆಣಸಿನ ಗಿಡಕ್ಕೆ ಸೇರಿಸಿದ್ರು. ಆಮೇಲೆ ಮೊದಲನೇ ವೈರಸ್ ತಗುಲಿಸಿದ್ರೆ ಸಾಕಾಯ್ತು, ತೀವ್ರ ರೋಗ ಬಂತು.

ಔಷಧಿ ಹೊಡೆದ್ರೆ ಸಾಲದು

ಸಸ್ಯಹೇನು ಎಲೆಗೆ ಕೆಲವು ಸೆಕೆಂಡಿಂದ ನಿಮಿಷದೊಳಗೆ ಚುಚ್ಚಿ ವೈರಸ್ ದಾಟಿಸಿರುತ್ತೆ. ಕೀಟನಾಶಕ ಅದನ್ನು ಕೊಲ್ಲೋ ಹೊತ್ತಿಗೆ ಕೆಲಸ ಮುಗಿದಿರುತ್ತೆ. ಇನ್ನೊಂದು ದಾರಿ ರೈತನ ಕೈಯಲ್ಲೇ ಇದೆ. ಗೆಣಸನ್ನು ನೆಡೋದು ಬಳ್ಳಿಯ ತುಂಡಿಂದ, ಅಂದ್ರೆ ತಾಯಿ ಬಳ್ಳಿಯ ಕ್ಲೋನ್. ತಾಯಲ್ಲಿರೋ ವೈರಸ್ ತುಂಡಲ್ಲೂ ಬರುತ್ತೆ. ನಂಬಿಕೆಯ ಮೇಲೆ ಪಕ್ಕದ ಮನೆಯವರಿಂದ ತಂದ ಬಳ್ಳಿಯೊಂದಿಗೆ ರೋಗವೂ ಹೊಲಕ್ಕೆ ಬರುತ್ತೆ.

ಹಾಗಾಗಿ ಪರಿಹಾರ ಶುರುವಾಗೋದು ನೆಡೋ ಬಳ್ಳಿಯಿಂದ. ಲ್ಯಾಬಲ್ಲಿ ಬಳ್ಳಿಯ ಕುಡಿಯ ತುತ್ತತುದಿಯನ್ನು, ಒಂದು ಮಿಲಿಮೀಟರಿಗಿಂತ ಚಿಕ್ಕ ಚೂರನ್ನು, ಟಿಶ್ಯೂ ಕಲ್ಚರಲ್ಲಿ ಬೆಳೆಸ್ತಾರೆ. ಅಲ್ಲಿ ವೈರಸ್ ಇರೋ ಸಾಧ್ಯತೆ ಕಡಿಮೆ. ನಂತರ ಅದನ್ನು ಐಪೋಮಿಯಾ ಸೆಟೋಸಾ ಅನ್ನೋ ಗೆಣಸಿನ ಸಂಬಂಧಿ ಗಿಡಕ್ಕೆ ಕಸಿ ಕಟ್ಟಿ ನೋಡ್ತಾರೆ. ವೈರಸ್ ಅಡಗಿದ್ರೆ ಆ ಗಿಡದ ಎಲೆ ಹೇಳಿಬಿಡುತ್ತೆ. ತಾಂಜಾನಿಯಾದಲ್ಲಿ ಇಂಥ ಶುದ್ಧ ಬಳ್ಳಿಯನ್ನು ಕೀಟ ನುಗ್ಗದ ಬಲೆ ಗುಡಾರಗಳಲ್ಲಿ ಕಾಪಾಡ್ತಾರೆ. ಹೊಲದಲ್ಲಿ ಮಾಡೋದು ಇನ್ನೂ ಸರಳ: ಮೊದಲ ತಿಂಗಳಲ್ಲೇ ರೋಗದ ಬಳ್ಳಿ ಕಿತ್ತು ಹಾಕೋದು, ಹಳೇ ಬೆಳೆಯಿಂದ ದೂರ ನೆಡೋದು.

ತಳಿ ಕೆಲಸವೂ ನಡೀತಿದೆ. ಬೀಟಾ ಕ್ಯಾರೋಟಿನ್ ತುಂಬಿದ ಕಿತ್ತಳೆ ಗೆಣಸು ಮಕ್ಕಳ ವಿಟಮಿನ್ ಎ ಕೊರತೆಗೆ ಒಳ್ಳೇ ಉತ್ತರ. ಆದ್ರೆ ಆಫ್ರಿಕಾಕ್ಕೆ ಹೊರಗಿಂದ ತಂದ ಕಿತ್ತಳೆ ತಳಿಗಳಲ್ಲಿ ಹಲವು ಈ ರೋಗಕ್ಕೆ ಸುಲಭದ ತುತ್ತು. ಉಗಾಂಡಾದ ರಾಬರ್ಟ್ ಮ್ವಾಂಗಾ ಅಲ್ಲಿನ ಹೊಲಕ್ಕೆ ಒಗ್ಗೋ ತಳಿಗಳನ್ನು ಬೆಳೆಸಿದ್ರು. ಕಿತ್ತಳೆ ಗೆಣಸಿನ ಕೆಲಸಕ್ಕಾಗಿ ಅವರು 2016ರ ವಿಶ್ವ ಆಹಾರ ಪ್ರಶಸ್ತಿಯನ್ನು ಇನ್ನೂ ಮೂವರ ಜೊತೆ ಹಂಚಿಕೊಂಡ್ರು.

ನಮ್ಮೂರಿಗೂ ಇದು ಹೊಸತಲ್ಲ

ಮಲೆನಾಡು, ಕೊಡಗಿನವರಿಗೆ ಏಲಕ್ಕಿಯ ಕಟ್ಟೆ ರೋಗ ಗೊತ್ತೇ ಇರುತ್ತೆ. ಆ ಹೆಸರು ಇಂಗ್ಲಿಷ್ ಪುಸ್ತಕಗಳಲ್ಲೂ ಹಾಗೇ ಉಳಿದಿದೆ. ಅದರ ವೈರಸ್ಸೂ ಎಸ್‌ಪಿಎಫ್‌ಎಂವಿಯ ಕುಟುಂಬದ್ದೇ, ಹರಡೋದು ಸಸ್ಯಹೇನಿಂದ ಮತ್ತು ರೋಗ ಇರೋ ಗೆಡ್ಡೆಯಿಂದ. ಬಾಳೆಯ ಬಂಚಿ ಟಾಪ್ ಕೂಡ ಕಂದಿನ ಜೊತೆಗೇ ಬರುತ್ತೆ. ಊರಿಂದ ಅಪ್ಪನೋ ಮಾವನೋ ಫೋನ್ ಮಾಡಿ "ಎಲೆ ಮುದುಡ್ತಿದೆ, ಯಾವ ಔಷಧಿ ಹೊಡೀಲಿ, ಸ್ವಲ್ಪ ನೆಟ್ಟಲ್ಲಿ ನೋಡಿ ಹೇಳೋ" ಅಂದ್ರೆ, ಔಷಧಿ ಹೆಸರು ಹುಡುಕೋ ಮೊದಲು ನೀವು ಕೇಳಬೇಕಾದ್ದು ಇಷ್ಟು: "ಈ ಸಲ ಗಿಡ ಎಲ್ಲಿಂದ ತಂದ್ರಿ? ಅವರ ತೋಟ ನೋಡಿದ್ರಾ?" ಗುರುತಿಸೋಕೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಂದು ಎಲೆ ಒಯ್ದು ತೋರಿಸೋಕೂ ಹೇಳಿ.

ನಿಮ್ಮ ಮನೇಲಿ ಗೆಣಸು, ಏಲಕ್ಕಿ, ಬಾಳೆ ಬೆಳೆಯೋರು ಇದ್ರೆ ಈ ಮಾತು ಅವರಿಗೂ ತಲುಪಿಸಿ. ಮತ್ತೆ ಸಿಗೋಣ.