ಹಿತ್ತಲ ಕೋಳಿಗಳ ಪರೋಪಜೀವಿ ರೋಗ: ಔಷಧಿಯ ಪ್ರಮಾಣ ತಪ್ಪದಿರಲಿ

ಗ್ರಾಮೀಣ ಪ್ರದೇಶದ ಅನೇಕ ಕುಟುಂಬಗಳಿಗೆ ನಾಟಿ, ಗಿರಿರಾಜ ಮತ್ತು ಸ್ವರ್ಣಧಾರಾ ಕೋಳಿಗಳು ಉಪ ಆದಾಯದ ಮೂಲವಾಗಿವೆ. ಸ್ವಸಹಾಯ ಸಂಘದ ಸಾಲದಿಂದ ಮರಿ ತಂದ ಮಹಿಳೆಯು ಒಂದೇ ವಾರದಲ್ಲಿ ಇಪ್ಪತ್ತು ಮರಿಗಳನ್ನು ಕಳೆದುಕೊಂಡರೆ, ಕಂತು ಕಟ್ಟುವ ದಾರಿಯೇ ಮುಚ್ಚಿದಂತಾಗುತ್ತದೆ. ಇಂತಹ ನಷ್ಟಕ್ಕೆ ರಕ್ತಭೇದಿ (ಕಾಕ್ಸಿಡಿಯೋಸಿಸ್) ಹಾಗೂ ಜಂತುಹುಳು ಬಾಧೆ ಪ್ರಮುಖ ಕಾರಣಗಳಲ್ಲಿ ಸೇರಿವೆ. ಎರಡಕ್ಕೂ ಔಷಧಿಗಳಿವೆ. ಆದರೆ ಪ್ರಮಾಣ ಕಡಿಮೆಯಾದರೆ ರೋಗಾಣು ಉಳಿದು, ಮುಂದೆ ಔಷಧಿಗೆ ಜಗ್ಗದಂತಾಗಬಹುದು. ಹೆಚ್ಚಾದರೆ ಕೋಳಿಗೇ ಹಾನಿ.

ಶೇಕಡಾವಾರು ಓದುವ ಕ್ರಮ

ರಕ್ತಭೇದಿಗೆ ಬಳಸುವ ಆಂಪ್ರೋಲಿಯಂ ಔಷಧಿಯು ಶೇ. 20ರ ಪುಡಿಯಾಗಿಯೂ, ಶೇ. 9.6ರ ದ್ರಾವಣವಾಗಿಯೂ ದೊರೆಯುತ್ತದೆ. ಒಂದು ಗ್ರಾಂ ಪುಡಿಯಲ್ಲಿ 200 ಮಿ.ಗ್ರಾಂ, ಒಂದು ಮಿ.ಲೀ. ದ್ರಾವಣದಲ್ಲಿ 96 ಮಿ.ಗ್ರಾಂ ಔಷಧಾಂಶವಿರುತ್ತದೆ. ರೋಗ ತೀವ್ರವಾಗಿದ್ದಾಗ ಪಶುವೈದ್ಯರು ಸಾಮಾನ್ಯವಾಗಿ ಲೀಟರ್ ನೀರಿಗೆ 240 ಮಿ.ಗ್ರಾಂನಂತೆ 3ರಿಂದ 5 ದಿನ ನೀಡಲು ಸೂಚಿಸುತ್ತಾರೆ. ಅದರಂತೆ 10 ಲೀಟರ್ ನೀರಿಗೆ ಪುಡಿಯಾದರೆ 12 ಗ್ರಾಂ, ದ್ರಾವಣವಾದರೆ 25 ಮಿ.ಲೀ. ಬೇಕು. ಪುಡಿಯ ಲೆಕ್ಕದ '12' ಎಂಬ ಅಂಕಿಯನ್ನೇ ದ್ರಾವಣಕ್ಕೂ ಅನ್ವಯಿಸಿದರೆ ಕೋಳಿಗೆ ಅರ್ಧಕ್ಕಿಂತ ಕಡಿಮೆ ಔಷಧಿ ಸಿಗುತ್ತದೆ. ಆದ್ದರಿಂದ ನೆರೆಮನೆಯವರು ಹೇಳಿದ ಅಳತೆಯನ್ನು ಪಾಲಿಸದೆ, ಪೊಟ್ಟಣದ ಮೇಲಿನ ಶೇಕಡಾವನ್ನು ಮೊದಲು ಓದುವುದು ಅಗತ್ಯ. ಚಮಚ, ಬಾಟಲಿಯ ಮುಚ್ಚಳ ಅಳತೆಯ ಸಾಧನಗಳಲ್ಲ. ಪುಡಿಗೆ ಸಣ್ಣ ತಕ್ಕಡಿ, ದ್ರಾವಣಕ್ಕೆ ಸೂಜಿಯಿಲ್ಲದ ಸಿರಿಂಜ್ ಬಳಸತಕ್ಕದ್ದು.

ಆಂಪ್ರೋಲಿಯಂ ಬಿ-1 ಜೀವಸತ್ವವನ್ನು ಹೋಲುವ ವಸ್ತುವಾಗಿದ್ದು, ರೋಗಾಣುವಿಗೆ ಆ ಜೀವಸತ್ವ ದೊರೆಯದಂತೆ ತಡೆಯುತ್ತದೆ. ಅತಿಯಾದರೆ ಕೋಳಿಗೇ ಅದರ ಕೊರತೆಯುಂಟಾಗಿ ನರದೌರ್ಬಲ್ಯ ಬರುತ್ತದೆ. ಹಾಗೆಂದು ಚಿಕಿತ್ಸೆಯ ದಿನಗಳಲ್ಲೇ ಬಿ-1 ಟಾನಿಕ್ ಬೆರೆಸಿದರೆ ಔಷಧಿಯ ಪರಿಣಾಮ ಕುಗ್ಗುತ್ತದೆ.

ನೀರಿನ ನಿಯಂತ್ರಣ

ಚರಂಡಿ, ಬಚ್ಚಲಿನ ನೀರು ಕುಡಿಯುವ ಕೋಳಿಯು ಔಷಧಿಯ ನೀರನ್ನು ಕಡಿಮೆ ಕುಡಿಯುತ್ತದೆ. ಚಿಕಿತ್ಸೆ ಮುಗಿಯುವವರೆಗೆ ಕೋಳಿಗಳನ್ನು ಕೂಡಿಹಾಕಿ, ಔಷಧಿಯ ನೀರನ್ನಷ್ಟೇ ಇಟ್ಟು, ಪ್ರತಿದಿನ ಹೊಸದಾಗಿ ಬೆರೆಸಬೇಕು. ಎರಡನೇ ದಿನ ಚೇತರಿಕೆ ಕಂಡಿತೆಂದು ಔಷಧಿ ನಿಲ್ಲಿಸಬಾರದು.

ಜಂತುಹುಳುವಿಗೆ ತೂಕದ ಲೆಕ್ಕ

ಜಂತುನಾಶಕದ ಪ್ರಮಾಣವನ್ನು ದೇಹತೂಕದ ಮೇಲೆ ನಿರ್ಧರಿಸಲಾಗುತ್ತದೆ. ಉದಾಹರಣೆಗೆ, ಸರಾಸರಿ 1.5 ಕೆ.ಜಿ. ತೂಗುವ 20 ಕೋಳಿಗಳ ಒಟ್ಟು ತೂಕ 30 ಕೆ.ಜಿ. ವೈದ್ಯರು ಕೆ.ಜಿ.ಗೆ 10 ಮಿ.ಗ್ರಾಂ ಸೂಚಿಸಿದ್ದರೆ ಬೇಕಾದುದು 300 ಮಿ.ಗ್ರಾಂ. ಶೇ. 2.5ರ ದ್ರಾವಣದಲ್ಲಿ ಇದು 12 ಮಿ.ಲೀ.; ಶೇ. 10ರ ದ್ರಾವಣದಲ್ಲಿ ಕೇವಲ 3 ಮಿ.ಲೀ. ತೂಕವನ್ನು ಕಣ್ಣಂದಾಜಿನಲ್ಲಿ ಹೇಳದೆ ಕೆಲವು ಕೋಳಿಗಳನ್ನಾದರೂ ತೂಗಿ, ಮರಿ ಹಾಗೂ ದೊಡ್ಡ ಕೋಳಿಗಳ ಲೆಕ್ಕವನ್ನು ಬೇರೆಯಾಗಿಯೇ ಮಾಡಬೇಕು. ದುಂಡುಹುಳುವಿಗೆ ನೀಡುವ ಪೈಪರಜೀನ್ ಲಾಡಿಹುಳುವನ್ನು ಕೊಲ್ಲದು. ಆದುದರಿಂದ ಹಿಕ್ಕೆಯ ಪರೀಕ್ಷೆ ಮಾಡಿಸುವುದು ಮೇಲು. ಪೊಟ್ಟಣದಲ್ಲಿ ತಿಳಿಸಿದ ಅವಧಿ ಮುಗಿಯುವವರೆಗೆ ಮೊಟ್ಟೆ, ಮಾಂಸವನ್ನು ಮಾರುವುದಾಗಲಿ ತಿನ್ನುವುದಾಗಲಿ ಸಲ್ಲದು.

ಸದಸ್ಯರು ವಹಿಸಬೇಕಾದ ಪಾತ್ರ

ರಕ್ತಭೇದಿಯ ರೋಗಾಣು ಒದ್ದೆ ಹಾಸಿನಲ್ಲಿ ಬೆಳೆಯುತ್ತದೆ. ಸಾಮಾನ್ಯ ಸೋಂಕುನಿವಾರಕಗಳಿಗೆ ಸುಲಭವಾಗಿ ನಾಶವಾಗದು. ಆದುದರಿಂದ ಶೆಡ್‌ನ ನೆಲವನ್ನು ಒಣಗಿರಿಸುವ ಬಗ್ಗೆ ಫಲಾನುಭವಿಗಳಿಗೆ ತಿಳಿವಳಿಕೆ ನೀಡುವುದು. ಸಂಜೀವಿನಿ ಒಕ್ಕೂಟದಲ್ಲಿ ಎಲ್ಲರ ಬಳಕೆಗೆ ಒಂದು ಸಣ್ಣ ತಕ್ಕಡಿ, ಸಿರಿಂಜ್ ಹಾಗೂ ಗುರುತು ಹಾಕಿದ 10 ಲೀಟರ್ ಬಕೆಟ್ ಇರುವಂತೆ ನೋಡಿಕೊಳ್ಳುವುದು. ವಾರ್ಡ್ ಸಭೆಗೆ ಸ್ಥಳೀಯ ಪಶುವೈದ್ಯಾಧಿಕಾರಿಗಳನ್ನು ಆಹ್ವಾನಿಸಿ, ಈ ಲೆಕ್ಕವನ್ನು ಪಶು ಸಖಿಯರಿಗೆ ಪ್ರಾತ್ಯಕ್ಷಿಕೆಯ ಮೂಲಕ ಮನದಟ್ಟು ಮಾಡಿಸುವುದು. ಪಶುಚಿಕಿತ್ಸಾ ಸಹಾಯವಾಣಿ 1962ನ್ನು ಪಂಚಾಯಿತಿ ಸೂಚನಾ ಫಲಕದಲ್ಲಿ ಬರೆಯಿಸುವುದು. ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡ ದಿನವೇ ಈ ಸಂಖ್ಯೆಗೆ ಕರೆ ಮಾಡುವಂತೆ ಪ್ರತಿ ಮನೆಗೂ ತಿಳಿಸಲು ಸದಸ್ಯರನ್ನು ಕೋರಲಾಗಿದೆ.