ತಟ್ಟೆಯೊಳಗಿನ ಹೆಮ್ಮರ

ಬೋನ್ಸಾಯ್ ಎಂಬ ಮಾತು ನಮ್ಮಲ್ಲಿ ಬೈಗುಳದಂತೆ ಬಳಕೆಯಾಗುವುದುಂಟು. ಮಕ್ಕಳನ್ನು ಅವರ ಪಾಡಿಗೆ ಬೆಳೆಯಗೊಡದ ಹಿರಿಯರನ್ನು ಕಂಡರೆ ‘ಮಗುವನ್ನು ಬೋನ್ಸಾಯ್ ಮಾಡಿಬಿಟ್ಟರು’ ಎನ್ನುತ್ತೇವೆ. ಹೊಟ್ಟೆಗಿಲ್ಲದಂತೆ ಮಾಡಿ, ಬೇರು ಕತ್ತರಿಸಿ, ಮರವನ್ನು ಕುಳ್ಳಾಗಿಸುವ ವಿದ್ಯೆ ಇದು ಎಂಬ ಕಲ್ಪನೆಯೇ ಈ ಹೋಲಿಕೆಗೆ ಕಾರಣ. ಸಸ್ಯಶಾಸ್ತ್ರ ಏನು ಹೇಳುತ್ತದೆ? ನೋಡೋಣ.

ಜಪಾನೀ ಭಾಷೆಯಲ್ಲಿ ‘ಬೋನ್’ ಎಂದರೆ ತಟ್ಟೆಯಂಥ ಆಳವಿಲ್ಲದ ಕುಂಡ. ‘ಸಾಯ್’ ಎಂದರೆ ನೆಡುವುದು. ಕಲೆಯ ತವರು ಚೀನಾ. ಅಲ್ಲಿಂದ ಬಂದ ಇದನ್ನು ಜಪಾನೀಯರು ತಮ್ಮದಾಗಿಸಿಕೊಂಡರು. 1309ರ ಜಪಾನೀ ಚಿತ್ರಸುರುಳಿಯೊಂದರಲ್ಲಿ ತಟ್ಟೆಯಲ್ಲಿ ಬೆಳೆಸಿದ ಕಿರುಮರಗಳನ್ನು ಕಾಣಬಹುದು. 1923ರ ಭೂಕಂಪ ಟೋಕಿಯೊ ನಗರವನ್ನು ನೆಲಸಮ ಮಾಡಿದಾಗ ಅಲ್ಲಿನ ಕೆಲವು ಬೋನ್ಸಾಯ್ ಬೆಳೆಗಾರರು ಒಳ್ಳೆಯ ಮಣ್ಣು, ನೀರು ಅರಸಿ ಹೊರಟರು. 1925ರಲ್ಲಿ ಅವರು ನೆಲೆಸಿದ ಓಮಿಯಾದ ಬಡಾವಣೆ ಇಂದಿಗೂ ಬೋನ್ಸಾಯ್ ಗ್ರಾಮವೆಂದೇ ಪ್ರಸಿದ್ಧ.

ಕುಳ್ಳಾಗುವ ಬಗೆ

ಬೋನ್ಸಾಯ್‌ಗೆ ಬೇರೆ ಬೀಜವಿಲ್ಲ. ಕಾಡಿನಲ್ಲಿ 50 ಅಡಿಗೂ ಮೀರಿ ಬೆಳೆಯಬಲ್ಲ ಪೈನ್ ಮರದ ಬೀಜವೇ ಸಾಕು. ಕುಂಡದಿಂದ ತೆಗೆದು ನೆಲದಲ್ಲಿ ನೆಟ್ಟರೆ ಅದು ಮತ್ತೆ ಎತ್ತರಕ್ಕೆ ಹೊರಡುತ್ತದೆ. ಅಂದರೆ ಬದಲಾಗಿರುವುದು ಮರದ ಗುಣವಲ್ಲ, ಬೆಳೆಸುವ ರೀತಿ.

ಚಿಗುರಿನ ತುದಿಯಲ್ಲಿ ಆಕ್ಸಿನ್ ಎಂಬ ಹಾರ್ಮೋನು ತಯಾರಾಗುತ್ತದೆ. ಅದು ಕೆಳಗಿಳಿದು ಪಕ್ಕದ ಮೊಗ್ಗುಗಳನ್ನು ತಡೆಹಿಡಿಯುತ್ತದೆ. ಆದ್ದರಿಂದಲೇ ಗಿಡ ನೇರ ಮೇಲಕ್ಕೆ ಏರುವುದು. ತುದಿಯನ್ನು ಚಿವುಟಿದರೆ ತಡೆ ತಪ್ಪಿ ಪಕ್ಕದ ಮೊಗ್ಗುಗಳು ಒಡೆಯುತ್ತವೆ. ಗಿಡ ಎತ್ತರವಾಗುವ ಬದಲು ಕವಲೊಡೆಯುತ್ತದೆ. ನಮ್ಮ ಮನೆಯವರು ತುಳಸಿಯ ಕುಡಿ ಚಿವುಟುವುದರ ಹಿಂದೆಯೂ ಇದೇ ತತ್ತ್ವವಿದೆ.

ಇನ್ನು ಬೇರಿನ ಮಾತು. ಕೆಲವು ವರ್ಷಗಳಿಗೊಮ್ಮೆ ಮರವನ್ನು ಕುಂಡದಿಂದ ಎತ್ತಿ, ದಪ್ಪ ಬೇರುಗಳನ್ನು ಮೊಟಕುಗೊಳಿಸಿ, ಹೊಸ ಮಣ್ಣಿಗೆ ಹಾಕುತ್ತಾರೆ. ಆಗ ಸಣ್ಣ ಎಳೆಬೇರುಗಳು ಹುಟ್ಟುತ್ತವೆ. ನೀರನ್ನೂ ಲವಣಗಳನ್ನೂ ಹೀರುವುದು ಇಂಥ ಎಳೆಬೇರುಗಳೇ. ಹಸಿದ ಮರಕ್ಕೆ ಹೊಸ ಬೇರು ಬಿಡುವ ಶಕ್ತಿ ಎಲ್ಲಿಂದ ಬರಬೇಕು? ಹಾಗಾಗಿ ಬಿಸಿಲು, ನೀರು, ಗೊಬ್ಬರ ಎಲ್ಲವನ್ನೂ ಕ್ರಮವಾಗಿ ಕೊಡಲೇಬೇಕು. ಕೊಂಬೆಗೆ ಬಾಗು ಕೊಡಲು ಸುತ್ತಿದ ತಾಮ್ರ ಅಥವಾ ಅಲ್ಯೂಮಿನಿಯಂ ತಂತಿಯನ್ನೂ ತೊಗಟೆಗೆ ಕಚ್ಚುವ ಮುನ್ನ ಬಿಚ್ಚಬೇಕು.

ಇನ್ನೊಂದು ಸ್ವಾರಸ್ಯ: ಈ ಆರೈಕೆಯಲ್ಲಿ ಎಲೆಗಳು ಚಿಕ್ಕದಾದರೂ ಹೂವು, ಹಣ್ಣುಗಳು ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಗೇಣುದ್ದದ ಮರದಲ್ಲಿ ದಾಳಿಂಬೆ ತೂಗುವುದನ್ನು ಕಂಡರೆ ನಗು ಬಂದೀತು!

ನೀವೂ ಪ್ರಯತ್ನಿಸಿ

ಹಳೆಯ ಗೋಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ಕುಳ್ಳಾಗಿಯೇ ಇರುವ ಅರಳಿ ಸಸಿಯನ್ನು ವಿದ್ಯಾರ್ಥಿಗಳು ನೋಡಿರಬಹುದು. ಅದು ಪ್ರಕೃತಿಯೇ ಮಾಡಿದ ಬೋನ್ಸಾಯ್. ಆಲ, ಅರಳಿಗಳು ನಮ್ಮ ಹವೆಗೆ ಒಗ್ಗಿದವು, ಅವುಗಳಿಂದ ಆರಂಭಿಸಬಹುದು. ಕುಂಡದ ತಳದಲ್ಲಿ ತೂತಿರಲಿ, ಗಿಡ ಬಿಸಿಲಿನಲ್ಲಿರಲಿ. ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೊರಡುವ ಮುನ್ನ ನೀರುಣಿಸುವವರನ್ನು ಗೊತ್ತುಮಾಡಿ. ಅಷ್ಟು ಕಡಿಮೆ ಮಣ್ಣು ಒಣಗಲು ಒಂದೆರಡು ದಿನ ಸಾಕು.

ಹೀಗಾಗಿ ಹಳೆಯ ಬೋನ್ಸಾಯ್ ಎಂದರೆ ತಲೆಮಾರುಗಳ ಕಾಲ ಯಾರಾದರೊಬ್ಬರು ತಪ್ಪದೆ ನೀರೆರೆದಿದ್ದಾರೆ ಎಂದೇ ಅರ್ಥ. ಹಿರೋಶಿಮಾದ ಯಾಮಾಕಿ ಕುಟುಂಬದ ಪೈನ್ ಇದಕ್ಕೆ ಸಾಕ್ಷಿ. ಅದನ್ನು ಕುಂಡದಲ್ಲಿ ಬೆಳೆಸತೊಡಗಿದ್ದು 1625ರಲ್ಲಿ. 1945ರ ಆಗಸ್ಟ್ 6ರಂದು ಸುಮಾರು ಮೂರು ಕಿಲೋಮೀಟರ್ ಆಚೆ ಅಣುಬಾಂಬು ಸಿಡಿಯಿತು. ಮನೆಯ ಕಿಟಕಿ ಗಾಜುಗಳು ಪುಡಿಯಾದವು. ಗೋಡೆಯ ಮರೆಯಲ್ಲಿದ್ದ ಮರ ಉಳಿಯಿತು. 1976ರಲ್ಲಿ ಮಸಾರು ಯಾಮಾಕಿ ಅದನ್ನು, ಬಾಂಬು ಹಾಕಿದ ಅಮೆರಿಕಕ್ಕೇ ಉಡುಗೊರೆಯಾಗಿ ಕೊಟ್ಟರು. ಅದು ಬಾಂಬಿನಿಂದ ಪಾರಾದ ಮರವೆಂದು ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದವರಿಗೆ ತಿಳಿದದ್ದು 2001ರಲ್ಲಿ, ಅವರ ಮೊಮ್ಮಕ್ಕಳು ನೋಡಲು ಬಂದಾಗ.

ಮಗುವನ್ನು ಬೋನ್ಸಾಯ್‌ಗೆ ಹೋಲಿಸುವ ಮೊದಲು ತಂದೆ ತಾಯಿಯರು ಈ ಮರವನ್ನು ನೆನೆಯಬೇಕು. ಕತ್ತರಿ ಹಿಡಿಯುವುದು ಎಲ್ಲರಿಗೂ ಬರುತ್ತದೆ. ನಾಲ್ಕು ನೂರು ವರ್ಷ ಈ ಮರವನ್ನು ಉಳಿಸಿದ್ದು ದಿನವೂ ನೀರೆರೆದ ಕೈಗಳು.